ಬೇಸಗೆಯ ಉಪಾಧ್ಯಾಯರು

ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದಲ್ಲಿ, ಬಾಸ್ಟನ್ ಮತ್ತು ಕೇಂಬ್ರಿಜ್ ನಗರಗಳ ಆಸುಪಾಸಿನಲ್ಲಿ, ವಿದ್ಯಾಪೀಠಗಳಿಗಾಗಲಿ ಪ್ರಯೋಗಶಾಲೆಗಳಿಗಾಗಲಿ ಎಂದೂ ಬರವಿರಲಿಲ್ಲ. ಆದರೆ ಆ ವಿದ್ವತ್ತೆಗೂ ಅದರ ನೆರೆಯಲ್ಲಿಯೇ ಇದ್ದ ಪ್ರಾಥಮಿಕ ಶಾಲೆಗಳಿಗೂ ನಡುವೆ ಓಡಾಟದ ಹಾದಿಯೊಂದು ಬೀಳುವುದಕ್ಕೆ ಇಪ್ಪತ್ತನೆಯ ಶತಮಾನದ ಉತ್ತರಾರ್ಧವೇ ಬರಬೇಕಾಯಿತು. ಆ ಹಾದಿಯನ್ನು ತುಳಿದು ಸವೆಸಿದ ಶ್ರೇಯಸ್ಸಿನಲ್ಲಿ ಪಂಡಿತರಿಗಿಂತ ದೊಡ್ಡ ಪಾಲು, ಬೇಸಗೆಯ ರಜೆಯನ್ನು ಬಿಟ್ಟುಕೊಟ್ಟು ಮರಳಿ ವಿದ್ಯಾರ್ಥಿಗಳಾದ ಉಪಾಧ್ಯಾಯರದೆಂದು ನನ್ನ ಅಭಿಪ್ರಾಯ. ಈ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ಪಂಡಿತರೇ ಆದುದರಿಂದ ಅವರ ಹೆಸರುಗಳೇ ನಮಗೆ ಮೊದಲು ಕೇಳಿಬರುತ್ತವೆ.

1956ರಲ್ಲಿ ಎಂ.ಐ.ಟಿ.ಯ ಭೌತವಿಜ್ಞಾನಿ ಜೆರಾಲ್ಡ್ ಝಕರಾಯಸ್ ಪ್ರೌಢಶಾಲೆಯ ಭೌತಶಾಸ್ತ್ರದ ಪಾಠಕ್ರಮವನ್ನು ಬುಡದಿಂದಲೇ ಹೊಸದಾಗಿ ಕಟ್ಟಲು ಸಮಿತಿಯೊಂದನ್ನು ಕೂಡಿಸಿದಾಗ, ಯುದ್ಧಕಾಲದಲ್ಲಿ ರೇಡಾರು, ಅಣುಬಾಂಬುಗಳ ನಿರ್ಮಾಣಕ್ಕೆ ದುಡಿದಿದ್ದ ವಿಜ್ಞಾನಿಗಳಲ್ಲಿ ಕೆಲವರು ಅದಕ್ಕೆ ಹೆಗಲು ಕೊಟ್ಟರು. ಮರುವರ್ಷ ಅಕ್ಟೋಬರ್ 4ರಂದು ರಷ್ಯಾದ ಸ್ಪುಟ್ನಿಕ್ ಆಕಾಶಕ್ಕೇರಿದುದೇ ತಡ, ಅಮೆರಿಕದ ಬೊಕ್ಕಸವು ಶಾಲಾವಿಜ್ಞಾನದ ಕಡೆಗೆ ಹಿಂದೆಂದೂ ಕಾಣದ ಔದಾರ್ಯದಿಂದ ತೆರೆದುಕೊಂಡಿತು. ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ ಉಪಾಧ್ಯಾಯರಿಗಾಗಿ ಬೇಸಗೆಯ ಶಿಬಿರಗಳು ನಾಡಿನಾದ್ಯಂತ ನಡೆದವು. ಆದರೂ ಆ ಕಾಲದ ಸುಧಾರಕರ ಅಂತರಂಗದಲ್ಲಿ ಒಂದು ಅವಿಶ್ವಾಸ ಅಡಗಿದ್ದಿತು. ಪುಸ್ತಕ, ಚಲನಚಿತ್ರ, ಉಪಕರಣ ಇವನ್ನು ಸಾಕಷ್ಟು ಜಾಣ್ಮೆಯಿಂದ ರಚಿಸಿಬಿಟ್ಟರೆ, ಉಪಾಧ್ಯಾಯನು ಎಂಥವನಾದರೂ ಪಾಠ ಕೆಡಲಾರದೆಂದು ಅವರಲ್ಲಿ ಹಲವರು ನಂಬಿದ್ದರು. ಬಾಂಬಿನ ವಿಷಯದಲ್ಲಿ ಫಲಿಸಿದ ಸಂಘಟನಾಚಾತುರ್ಯವು ತರಗತಿಯೊಳಗಿನ ಮಗುವಿನ ವಿಷಯದಲ್ಲಿಯೂ ಫಲಿಸೀತೆಂಬ ಈ ಭರವಸೆಗೆ ಈಗ ನಗು ಬರುವುದುಂಟು. ಅವರ ಶ್ರದ್ಧೆಯನ್ನು ಮಾತ್ರ ಶಂಕಿಸುವಂತಿಲ್ಲ.

1960ರ ಸುಮಾರಿಗೆ ಅದೇ ಬಳಗದಿಂದ ಕವಲೊಡೆದು ಹುಟ್ಟಿದ ‘ಎಲಿಮೆಂಟರಿ ಸೈನ್ಸ್ ಸ್ಟಡಿ’ ಎಂಬ ಯೋಜನೆಯು ಈ ಅವಿಶ್ವಾಸವನ್ನು ಮೆಲ್ಲಮೆಲ್ಲನೆ ಕಳೆದುಕೊಂಡಿತು. ಅಣುಬಾಂಬು ತಯಾರಾದ ಲಾಸ್ ಅಲಾಮೋಸಿನ ಚರಿತ್ರೆಯನ್ನು ಬರೆದಿದ್ದ ದಾರ್ಶನಿಕ ಡೇವಿಡ್ ಹಾಕಿನ್ಸ್, ಬಾಂಬಿನ ಪ್ಲುಟೋನಿಯಂ ಗರ್ಭವನ್ನು ಮೋಟಾರಿನಲ್ಲಿ ಪಕ್ಕಕ್ಕಿರಿಸಿಕೊಂಡು ಪರೀಕ್ಷಾಸ್ಥಳಕ್ಕೆ ಒಯ್ದಿದ್ದ ಭೌತವಿಜ್ಞಾನಿ ಫಿಲಿಪ್ ಮಾರಿಸನ್, ಮನೋವಿಜ್ಞಾನಿ ಪಿಯಾಜೆಯ ಶಿಷ್ಯೆ ಎಲಿನರ್ ಡಕ್ವರ್ತ್ ಮೊದಲಾದವರು ಇದರಲ್ಲಿ ಕೂಡಿದರು. ಅವರು ಸಿದ್ಧಪಡಿಸಿದ ಪಾಠಗಳಲ್ಲೊಂದಕ್ಕೆ ಬೇಕಾದ ಸಾಮಗ್ರಿಯೆಂದರೆ ಒಂದು ಟಾರ್ಚಿನ ಸೆಲ್ಲು, ಒಂದು ಪುಟ್ಟ ಬಲ್ಬು, ಗೇಣುದ್ದದ ತಂತಿ, ಇಷ್ಟೇ; ಇವುಗಳಿಂದ ಬಲ್ಬನ್ನು ಬೆಳಗಿಸಬೇಕು. ಸುಲಭವೆಂದು ಕೈಯಿಕ್ಕಿದವರು ಬಲ್ಬಿನ ತಳವನ್ನು ಸೆಲ್ಲಿನ ತಲೆಗೆ ಮುಟ್ಟಿಸಿ, ತಂತಿಯ ಒಂದು ತುದಿಯನ್ನು ಸೆಲ್ಲಿನ ಬುಡಕ್ಕೂ ಇನ್ನೊಂದನ್ನು ಮತ್ತೆ ಅದೇ ಬಲ್ಬಿನ ತಳಕ್ಕೂ ಒತ್ತಿ ಹಿಡಿದು, ಬೆಳಕು ಬಾರದಿರಲು ಸೆಲ್ಲನ್ನೇ ಸಂದೇಹಿಸುವರು. ತಳದ ಬೊಟ್ಟು ಒಂದು ದ್ವಾರವಾದರೆ ತಿರುಪುಳ್ಳ ಲೋಹದ ಕೊರಳು ಮತ್ತೊಂದು, ವಿದ್ಯುತ್ತು ಒಂದರಿಂದ ಹೊಕ್ಕು ಇನ್ನೊಂದರಿಂದ ಹೊರಡಬೇಕು ಎಂಬ ಸಂಗತಿ ಕೈಗೆ ತಿಳಿಯುವವರೆಗೆ ತಲೆಗೆ ತಿಳಿಯದು. ಹಾರ್ವರ್ಡ್-ಸ್ಮಿತ್ಸೋನಿಯನ್ ಖಗೋಳಭೌತವಿಜ್ಞಾನ ಕೇಂದ್ರದವರು 1997ರಲ್ಲಿ ತಯಾರಿಸಿದ ಚಿತ್ರವೊಂದರಲ್ಲಿ, ಎಂ.ಐ.ಟಿ.ಯ ಪದವಿಪ್ರದಾನದ ದಿನ ನಿಲುವಂಗಿ ತೊಟ್ಟು ನಿಂತ ನೂತನ ಪದವೀಧರರು ಇದೇ ಮೂರು ವಸ್ತುಗಳೊಡನೆ ಹೆಣಗಾಡಿ ಸೋಲುವುದನ್ನು ಕಾಣಬಹುದು. ಹೀಗಿರಲು, ಈ ಗೊಂದಲವನ್ನು ಸ್ವತಃ ಅನುಭವಿಸದ ಉಪಾಧ್ಯಾಯನು ಮಗುವಿನ ಗೊಂದಲವನ್ನು ಸಹನೆಯಿಂದ ನೋಡುವುದಾದರೂ ಹೇಗೆ?

ಉಬ್ಬರವಿದ್ದಂತೆ ಇಳಿತವೂ ಬಂದಿತು. ಪ್ರತಿಷ್ಠಾನದ ನೆರವಿನಿಂದ ರಚಿತವಾಗಿದ್ದ ಸಮಾಜವಿಜ್ಞಾನದ ಪಾಠಕ್ರಮವೊಂದರ ಮೇಲೆ 1975ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಲ್ಲಿ ಆಕ್ಷೇಪಣೆಯೆದ್ದು ವಿಜ್ಞಾನದ ಪಾಠಗಳಿಗೂ ಏಟು ತಗುಲಿತು. ಅಧ್ಯಕ್ಷ ರೇಗನ್ನರ ಆಡಳಿತದ ಮೊದಲ ವರ್ಷಗಳಲ್ಲಿ ಪ್ರತಿಷ್ಠಾನದ ಶಿಕ್ಷಣ ವಿಭಾಗವನ್ನೇ ಕೆಲಕಾಲ ಮುಚ್ಚಿದರು.

ಇದುವರೆಗಿನದೆಲ್ಲ ವಿಜ್ಞಾನದ ಮಾತು; ಎಂಜಿನಿಯರಿಂಗ್ ಎಂಬ ಹೆಸರಿನಿಂದಲೇ ವಿಷಯವೊಂದು ಚಿಕ್ಕ ಮಕ್ಕಳ ತರಗತಿಯನ್ನು ಹೊಕ್ಕುದು 2001ರಲ್ಲಿ, ಮ್ಯಾಸಚೂಸೆಟ್ಸ್ ತನ್ನ ಪಠ್ಯನೀತಿಯಲ್ಲಿ ಅದಕ್ಕೆ ಶಿಶುವಿಹಾರದಿಂದಲೇ ಸ್ಥಾನ ಕೊಟ್ಟಾಗ. ಇದಕ್ಕಾಗಿ ಬಹಳ ಓಡಾಡಿದವರು ಟಫ್ಟ್ಸ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ನಿಕಾಯದ ಡೀನರಾಗಿದ್ದ ಯೋನಿಸ್ ಮಿಯಾವುಲಿಸ್. ಜ್ವಾಲಾಮುಖಿಯ ಪಾಠಕ್ಕೆ ವಾರಗಟ್ಟಲೆ ವ್ಯಯಿಸುವ ಶಾಲೆಯು ಮಗು ದಿನವೂ ಏರುವ ಮೋಟಾರಿನ ಬಗೆಗೆ ಒಂದು ಮಾತನ್ನೂ ಆಡದೆಂಬುದು ಅವರ ದೂರು. ಮುಂದೆ ಅವರು ಬಾಸ್ಟನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಅಧ್ಯಕ್ಷರಾದರು. ಅಲ್ಲಿಯೇ 2003ರಲ್ಲಿ ಕ್ರಿಸ್ಟೀನ್ ಕನ್ನಿಂಗ್‌ಹ್ಯಾಮ್ ಅವರ ನೇತೃತ್ವದಲ್ಲಿ ‘ಎಂಜಿನಿಯರಿಂಗ್ ಈಸ್ ಎಲಿಮೆಂಟರಿ’ ಎಂಬ ಯೋಜನೆ ಮೊದಲಾಯಿತು. ಎಂಜಿನಿಯರನ ಚಿತ್ರ ಬರೆಯಿರೆಂದರೆ ಬಹಳ ಮಂದಿ ಮಕ್ಕಳು ಮೋಟಾರು ರಿಪೇರಿ ಮಾಡುವವನನ್ನೋ ರೈಲು ನಡೆಸುವವನನ್ನೋ ಬರೆಯುತ್ತಿದ್ದರು. ದೊಡ್ಡವರ ಕಲ್ಪನೆಯೂ ಇದಕ್ಕಿಂತ ತೀರ ದೂರವಿರಲಿಲ್ಲ. ಆದುದರಿಂದ ಉಪಾಧ್ಯಾಯರ ಶಿಬಿರದಲ್ಲಿ ಮೊದಲು ಅವರ ಕೈಗೆ ಬರುತ್ತಿದ್ದುದು ಒಂದು ಕಾಗದದ ಚೀಲ. ಒಳಗಿರುವುದು ಕಾಲುಚೀಲ, ಚಮಚೆ ಮುಂತಾದ ಯಃಕಶ್ಚಿತ್ ಪದಾರ್ಥ. ಇದು ತಂತ್ರಜ್ಞಾನವೇ, ಯಾವ ತೊಂದರೆಯನ್ನು ನೀಗಲು ಇದನ್ನು ಮಾಡಿದರು, ಏತರಿಂದ ಮಾಡಿದರು, ಬೇರೆ ಏತರಿಂದ ಮಾಡಬಹುದಾಗಿತ್ತು ಎಂಬ ಪ್ರಶ್ನೆಗಳಿಗೆ ಉತ್ತರ ಹೇಳುತ್ತ ಹೇಳುತ್ತ, ವಿದ್ಯುತ್ತಿನಿಂದ ನಡೆಯುವುದು ಮಾತ್ರವೇ ತಂತ್ರಜ್ಞಾನವೆಂಬ ಅವರ ಪೂರ್ವಗ್ರಹ ಸಡಿಲವಾಗುತ್ತಿದ್ದಿತು. ಅನಂತರ ಕಥೆ. ಈ ಯೋಜನೆಯ ಇಪ್ಪತ್ತು ಪಾಠಗಳಿಗೂ ಒಂದೊಂದು ದೇಶದ ಮಗುವಿನ ಕಥೆಯೇ ಪೀಠಿಕೆ. ನೀರಿನ ಶೋಧನೆಯ ಪಾಠದ ನಾಯಿಕೆ ಸಲಿಲಾ ಎಂಬ ಭಾರತೀಯ ಬಾಲೆ, ಅವಳ ಚಿಂತೆ ಕಲುಷಿತವಾದ ನದಿಯ ಆಮೆಯದು. ಮರಳು, ಹರಳು, ಕಾಗದಗಳ ಮೂಲಕ ನೀರನ್ನಿಳಿಸಿ ನೋಡಿದ ಉಪಾಧ್ಯಾಯರು ಮಣ್ಣು ನಿಂತರೂ ಚಹದ ಬಣ್ಣ ಹೋಗದಿರುವುದನ್ನು ಕಂಡು ಮತ್ತೆ ಮೊದಲಿನಿಂದ ಹೂಡಬೇಕಾಗುತ್ತಿದ್ದಿತು. ಮಾಡಿದುದನ್ನು ಉತ್ತಮಪಡಿಸುವುದು ಈ ಯೋಜನೆಯು ಬೋಧಿಸುವ ವಿನ್ಯಾಸದ ಐದು ಹೆಜ್ಜೆಗಳಲ್ಲಿ ಕಡೆಯದು.

ಇದರ ಜೊತೆಗೇ, ಈ ಶತಮಾನದ ಮೊದಲ ವರ್ಷಗಳಿಂದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಎಂಜಿನಿಯರಿಂಗ್ ವಿಭಾಗವು ಉಪಾಧ್ಯಾಯರನ್ನು ಸಂಶೋಧನೆಯ ಒಳಮನೆಗೇ ಬರಮಾಡಿಕೊಂಡಿತು. ಬೇಸಗೆಯಲ್ಲಿ ಸಾಮಾನ್ಯವಾಗಿ ಆರು ವಾರ ಪ್ರಾಧ್ಯಾಪಕರೊಬ್ಬರ ಪ್ರಯೋಗಶಾಲೆಯಲ್ಲಿ ವೇತನಸಹಿತವಾಗಿ ದುಡಿದು, ಅಲ್ಲಿ ಕಂಡುದನ್ನು ತಮ್ಮ ತರಗತಿಗೆ ಒಗ್ಗುವ ಪಾಠವಾಗಿ ಮಾರ್ಪಡಿಸಿಕೊಂಡು ಹಿಂದಿರುಗುವುದು ಅಲ್ಲಿಯ ಕಟ್ಟುಪಾಡು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ಯಾರೂ ಶಾಲೆಗೆ ಹೊತ್ತೊಯ್ಯಲಾರರು. ಅಳತೆ ತಪ್ಪಿದಾಗ ವಿಜ್ಞಾನಿಯು ಬೈಯದೆ ಬೇಸರಿಸದೆ ಮತ್ತೊಮ್ಮೆ ಅಳೆಯುವ ರೀತಿಯನ್ನು ಒಯ್ಯಬಹುದು. 2013ರಲ್ಲಿ ಅನೇಕ ಸಂಸ್ಥಾನಗಳು ಕೂಡಿ ರಚಿಸಿದ ವಿಜ್ಞಾನ ಶಿಕ್ಷಣದ ಮಾನದಂಡಗಳಲ್ಲಿ ಎಂಜಿನಿಯರಿಂಗ್ ವಿನ್ಯಾಸಕ್ಕೆ ಶಿಶುವಿಹಾರದಿಂದ ಮೊದಲ್ಗೊಂಡು ಸ್ಥಾನ ದೊರೆಯಿತು. ಮ್ಯಾಸಚೂಸೆಟ್ಸ್ ಅದನ್ನು ಇದ್ದಂತೆಯೇ ಒಪ್ಪದೆ, 2016ರಲ್ಲಿ ತನ್ನ ಹಳೆಯ ನೀತಿಯನ್ನೇ ಪರಿಷ್ಕರಿಸಿ, ಎಂಜಿನಿಯರಿಂಗನ್ನು ಪ್ರತ್ಯೇಕ ಶಾಖೆಯಾಗಿ ಉಳಿಸಿಕೊಂಡಿತು. ಪ್ರಾಥಮಿಕ ಶಾಲೆಗೆ ಉಪಾಧ್ಯಾಯರನ್ನು ತಯಾರಿಸುವ ಕಾಲೇಜುಗಳು ಈ ವೇಗಕ್ಕೆ ಹೆಜ್ಜೆ ಹಾಕಲಿಲ್ಲ. ಎಂಜಿನಿಯರಿಂಗಿನ ಒಂದು ಪಾಠವನ್ನೂ ಕೇಳದೆ ಪದವಿ ಪಡೆದವರೇ ಬಹಳವಾಗಿರುವುದರಿಂದ, ಬೇಸಗೆಯ ಶಿಬಿರಗಳಿಗೆ ಇನ್ನೂ ಕೆಲಸವಿದೆ.