ಇನಾಮು ಭೂಮಿಯ ಇತ್ಯರ್ಥ: ನಾಲ್ಕಾಣೆ ಜೂಡಿ, ಒಂದಾಣೆ ನಜರಾಣೆ

ವ್ಯಾಜ್ಯವು ತೀರುವ ಬಗೆಗಳು ಎರಡು. ಸಾಕ್ಷಿ ಪುರಾವೆಗಳನ್ನು ತೂಗಿ ನ್ಯಾಯಾಧೀಶನು ತೀರ್ಪು ಕೊಡುವುದು ಒಂದು. ಉಭಯ ಪಕ್ಷದವರೂ ಒಂದು ಮೊತ್ತಕ್ಕೆ ಒಡಂಬಟ್ಟು ತಕರಾರನ್ನು ಮುಗಿಸುವುದು ಇನ್ನೊಂದು. ಮೊದಲನೆಯದರಲ್ಲಿ ಸತ್ಯವು ಹೊರಬೀಳುವುದೆಂಬ ಆಸೆಯುಂಟು; ಎರಡನೆಯದರಲ್ಲಿ ನೆಮ್ಮದಿಯು ಬೇಗನೆ ಕೈಸೇರುವುದು. ಬೆಳಗಾವಿ ಜಿಲ್ಲೆಯ ಇನಾಮು ಭೂಮಿಗಳ ವಿಷಯದಲ್ಲಿ ಆಂಗ್ಲ ಸರಕಾರವು ಮೊದಲು ತೀರ್ಪಿನ ದಾರಿಯನ್ನು ಹಿಡಿದು, ಬಳಿಕ ಒಡಂಬಡಿಕೆಯ ದಾರಿಗೆ ಹೊರಳಿತು. ಆ ನೆಮ್ಮದಿಗೆ ಕಟ್ಟಿದ ಬೆಲೆಯೆಷ್ಟು, ಅದರ ಫಲವನ್ನು ಉಂಡವರಾರು ಎಂಬುದು ವಿಚಾರಾರ್ಹವಾದ ಸಂಗತಿಯಾಗಿದೆ.

ಕೃಷ್ಣೆಯ ಈ ಸೀಮೆಯು ಒಂದೇ ಸಲಕ್ಕೆ ಆಂಗ್ಲರ ಕೈಸೇರಿದುದಲ್ಲ. ಪೇಶವಾಯಿ ಮುಗಿದ ಮೇಲೆ ಕೊಲ್ಲಾಪುರದ ಅರಸನಿಗೆ ಕೊಟ್ಟಿದ್ದ ಚಿಕ್ಕೋಡಿಯನ್ನು ಸರಕಾರವು 1827ರಲ್ಲಿ ಮರಳಿ ಪಡೆಯಿತು. ಸಿದ್ಧೋಜಿರಾವ ನಿಂಬಾಳಕರನಿಂದ ಹೆಸರುಗೊಂಡ ನಿಪ್ಪಾಣಿಯ ಸಂಸ್ಥಾನವು 1839ರಲ್ಲಿ ಸರಕಾರಕ್ಕೆ ಸೇರಿತು. ಅದರೊಡನೆ ಅಥಣಿಯೂ ಸೇರಿತು. ಇಂದು ಕಾಗವಾಡ ತಾಲೂಕಿನಲ್ಲಿರುವ ಶೇಡಬಾಳದ ಪಟವರ್ಧನರ ಜಹಗೀರು 1857ರಲ್ಲಿ ಅದೇ ದಾರಿಯನ್ನು ಹಿಡಿಯಿತು. ರಾಯಬಾಗವು ಮಾತ್ರ 1949ರ ವಿಲೀನದವರೆಗೂ ಕೊಲ್ಲಾಪುರ ಸಂಸ್ಥಾನದಲ್ಲಿಯೇ ಉಳಿದಿತ್ತು. ಆದುದರಿಂದ ನೆರೆಹೊರೆಯ ಊರುಗಳಲ್ಲಿಯೂ ಭೂಮಿಯ ಹಕ್ಕುಗಳ ಚರಿತ್ರೆಯು ಬೇರೆಬೇರೆಯಾಯಿತು.

ಇನಾಮೆಂದರೆ ಸಾರಾ, ಅಂದರೆ ಭೂಕಂದಾಯವನ್ನು, ಪೂರ್ತಿಯಾಗಿಯಾಗಲಿ ಅಂಶತಃ ಆಗಲಿ ಮಾಫಿ ಮಾಡಿ ಕೊಟ್ಟ ಭೂಮಿ. ಶಾಸ್ತ್ರಿಗಳು, ಜಂಗಮರು, ಫಕೀರರು, ಗುಡಿ, ಮಠ, ದರ್ಗೆ ಮುಂತಾಗಿ ಅನೇಕರಿಗೆ ಆದಿಲಶಾಹಿಯಿಂದ ಪೇಶವಾಯಿಯವರೆಗೆ ಇಂತಹ ದಾನಗಳು ನಡೆದು ಬಂದಿದ್ದವು. ಆಳುವವರು ಬದಲಾದಂತೆ ಸನದುಗಳು ಹರಿದವು, ಕಳೆದವು. ಭೋಗವಟೆಯು ಮಾತ್ರ ನಡೆದೇ ಇತ್ತು. ಸರಕಾರವು 1843ರಲ್ಲಿ ಈ ಪ್ರಾಂತದ ಇನಾಮುಗಳ ವಿಚಾರಣೆಯನ್ನು ಆರಂಭಿಸಿ, 1852ರ ಹನ್ನೊಂದನೆಯ ಶಾಸನದಿಂದ ಇನಾಮು ಕಮಿಶನ್ನಿಗೆ ಕಾಯಿದೆಯ ಬಲವನ್ನು ಕೊಟ್ಟಿತು. ಹಕ್ಕನ್ನು ಸಿದ್ಧಪಡಿಸುವ ಭಾರವು ಭೂಮಿಯುಳ್ಳವನ ಮೇಲೆ ಬಿದ್ದಿತು. ತಾತ ಮುತ್ತಾತಂದಿರ ಕಾಲದ ಕಾಗದವನ್ನು ಮೊಮ್ಮಗನು ಎಲ್ಲಿಂದ ತರಬೇಕು? ಕಾಗದವಿಲ್ಲದವನ ಇನಾಮು ಖಾಲಸಾ ಆಗುವ ಭಯವು ಮನೆಮನೆಯನ್ನೂ ಹೊಕ್ಕಿತು. ದತ್ತಕದ ಹಕ್ಕು ನಿರಾಕೃತವಾದ ನರಗುಂದದ ಭಾಸ್ಕರರಾವನು 1858ರಲ್ಲಿ ದಂಗೆಯೆದ್ದಾಗ ಈ ಪ್ರಾಂತದಲ್ಲಿ ಹಬ್ಬಿದ್ದ ಅಸಮಾಧಾನದಲ್ಲಿ ಈ ವಿಚಾರಣೆಯ ಪಾಲೂ ಇದ್ದಿತು.

ಕೊನೆಗೆ ಮುಂಬಯಿ ಸರಕಾರವು 1863ರ ಎರಡನೆಯ ಶಾಸನದಿಂದ ರಾಜಿಯ ಮಾರ್ಗವನ್ನು ತೆರೆಯಿತು. ಇನಾಮುದಾರನು ಪುರಾವೆಯ ಕಟ್ಟಳೆಗೆ ಹೋಗದೆ ಒಡಂಬಡಿಕೆಗೆ ಒಪ್ಪಿದರೆ, ಅವನ ಹಕ್ಕನ್ನು ಸರಕಾರವು ಮುಂದೆ ಎಂದಿಗೂ ಪ್ರಶ್ನಿಸತಕ್ಕದ್ದಲ್ಲ. ಭೂಮಿಯು ವಂಶಪರಂಪರೆಯಾಗಿ ನಡೆಯಬಹುದು, ದತ್ತಪುತ್ರನಿಗೆ ಹೋಗಬಹುದು, ಮಾರಾಟವೂ ಆಗಬಹುದು. ಅದಕ್ಕೆ ಪ್ರತಿಯಾಗಿ ಅವನು ಭೂಮಿಯ ಪೂರ್ಣ ಆಕಾರದ ಮೇಲೆ ರೂಪಾಯಿಗೆ ನಾಲ್ಕಾಣೆ ಜೂಡಿಯನ್ನೂ ಒಂದಾಣೆ ನಜರಾಣೆಯನ್ನೂ ವರ್ಷವರ್ಷ ತೆರಬೇಕು. ನೂರು ರೂಪಾಯಿ ಆಕಾರದ ಹೊಲಕ್ಕೆ 25 ರೂಪಾಯಿ ಜೂಡಿ, 6 ರೂಪಾಯಿ 4 ಆಣೆ ನಜರಾಣೆ, ಒಟ್ಟು 31 ರೂಪಾಯಿ 4 ಆಣೆ. ಉಳಿದ 68 ರೂಪಾಯಿ 12 ಆಣೆ ಮಾಫಿ.

ಇವೆರಡರ ಸ್ವಭಾವವು ಒಂದೇ ಅಲ್ಲ. ನಾಲ್ಕಾಣೆಯು ಸಂದೇಹವನ್ನು ಕೊಂಡುಕೊಂಡ ಬೆಲೆ. ಒಂದಾಣೆಯಾದರೋ, ವಾರಸಾ, ದತ್ತಕ, ಪರಭಾರೆಗಳ ಕಾಲಕ್ಕೆ ಒಮ್ಮೆಲೆ ಕೊಡಬೇಕಾಗಿದ್ದ ಕಾಣಿಕೆಯನ್ನು ವರ್ಷಗಳಿಗೆ ಹಂಚಿದ ಕಂತು. ಆದುದರಿಂದಲೇ ದೇವಸ್ಥಾನದ ಭೂಮಿಗೆ ನಜರಾಣೆಯಿಲ್ಲ: ದೇವರಿಗೆ ಮರಣವೂ ಇಲ್ಲ, ವಾರಸುದಾರನೂ ಇಲ್ಲ, ಆ ಭೂಮಿಯನ್ನು ಮಾರುವಂತೆಯೂ ಇಲ್ಲ. ಚಾಕರಿಯ ವತನಗಳೂ ರಾಜಕೀಯ ಜಹಗೀರುಗಳೂ ಈ ಶಾಸನದಿಂದ ಹೊರಗುಳಿದವು. ದೇಸಾಯಿ, ದೇಶಪಾಂಡೆಯವರ ವತನಗಳಿಗೆ 1864ರಲ್ಲಿ ಆರಂಭವಾದ ಗಾರ್ಡನ್ ಸಾಹೇಬರ ಇತ್ಯರ್ಥದಿಂದ ಬೇರೊಂದು ಒಡಂಬಡಿಕೆಯಾಯಿತು. ಚಾಕರಿಯು ತಪ್ಪಿ ಅದರ ಬದಲು ಜೂಡಿಯು ನಿಂತಿತು.

ಸರಕಾರಕ್ಕೆ ಖಚಿತವಾದ ಉತ್ಪನ್ನ, ಇನಾಮುದಾರನಿಗೆ ಖಚಿತವಾದ ಹಕ್ಕು: ಉಭಯತರಿಗೂ ಲಾಭವೇ. ಆದರೆ ಈ ಉಭಯತರ ನಡುವೆ ಮೂರನೆಯವನೊಬ್ಬನಿದ್ದನು. ಹೊಲವನ್ನು ಉಳುವ ಒಕ್ಕಲಿಗನು ಈ ಒಡಂಬಡಿಕೆಗೆ ಪಕ್ಷಗಾರನಲ್ಲ. ಇನಾಮುದಾರನು ತೆರುವ ಜೂಡಿಯನ್ನು ಶಾಸನವು ಗೊತ್ತುಪಡಿಸಿತು. ಒಕ್ಕಲು ಕೊಡುವ ಪಾಲನ್ನು ಗೊತ್ತುಪಡಿಸಲಿಲ್ಲ. ಮಾರಾಟದ ಹಕ್ಕು ಬಂದುದರಿಂದ ಇನಾಮು ಭೂಮಿಯು ಸಾಲದ ಒತ್ತೆಗೂ ಯೋಗ್ಯವಾಯಿತು. ಒಡೆಯನು ಬದಲಾದರೂ ಉಳುವವನ ಸ್ಥಿತಿಯು ಬದಲಾಗಲಿಲ್ಲ.

ಎಂದೆಂದಿಗೂ ಎಂದು ಬರೆದ ಆ ಮಾತು ನೂರು ವರ್ಷವೂ ನಿಲ್ಲಲಿಲ್ಲ. ಮುಂಬಯಿ ರಾಜ್ಯವು 1950ರ ಶಾಸನದಿಂದ ಪರಗಣಾ ಮತ್ತು ಕುಲಕರ್ಣಿ ವತನಗಳನ್ನು, 1952ರ ಶಾಸನದಿಂದ ವೈಯಕ್ತಿಕ ಇನಾಮುಗಳನ್ನು ರದ್ದುಪಡಿಸಿತು. ರಾಯಬಾಗದಂತಹ ವಿಲೀನ ಪ್ರದೇಶಗಳ ಮಾಫಿಗಳಿಗೆ 1955ರಲ್ಲಿ ಬೇರೊಂದು ಶಾಸನವಾಯಿತು. ನಾಲ್ಕಾಣೆಯ ಸ್ಥಾನದಲ್ಲಿ ಪೂರ್ಣ ಸಾರಾ ಬಂದಿತು. 1956ರ ನವೆಂಬರ 1ರಂದು ಈ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿದ ತರುವಾಯ, 1974ರ ಮಾರ್ಚ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಗೇಣಿಯ ಭೂಮಿಗಳು ಸರಕಾರದಲ್ಲಿ ನಿಹಿತವಾದವು. ಉಳುವವನು ನ್ಯಾಯಮಂಡಲಿಯ ಮುಂದೆ ತನ್ನ ಹೆಸರಿನಲ್ಲಿಯೇ ಅರ್ಜಿಯಿಡುವಂತಾಯಿತು.

ಇಬ್ಬರು ಕೂಡಿ ಮಾಡಿದ ರಾಜಿಯು ಇಬ್ಬರ ತಕರಾರನ್ನಷ್ಟೇ ಮುಗಿಸುವುದು. 1863ರಲ್ಲಿ ಕರೆಯಿಸಿಕೊಳ್ಳದ ಮೂರನೆಯವನ ಸರದಿಯು ಬರಲು ನೂರಹನ್ನೊಂದು ವರ್ಷಗಳು ಹಿಡಿದವು.