ತುಳುನಾಡಿನ ಮಳೆನಕ್ಷತ್ರಗಳೂ ಗ್ರಹಕೂಟದ ಬಿರುಗಾಳಿಯೂ

ಘಟ್ಟದ ಬುಡದ ಕಾರ್ಕಳದಿಂದ ಕಡಲಂಚಿನ ಕಾಪುವಿನವರೆಗೆ, ನಡುವೆ ಉಡುಪಿಯನ್ನೂ ಮಣಿಪಾಲದ ಗುಡ್ಡವನ್ನೂ ಒಳಗೊಂಡು ಹಬ್ಬಿರುವ ಸೀಮೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಸುರಿಯುವುದು. ಇಂತಹ ನಾಡಿನಲ್ಲಿ ಮಳೆಗಾಳಿಗಳನ್ನು ಮುಂಚಿತವಾಗಿ ಅರಿಯಬೇಕೆಂಬ ಹಂಬಲವು ಬರಿಯ ಕುತೂಹಲದಿಂದ ಹುಟ್ಟಿದುದಲ್ಲ. ಏಣೆಲು ಬೆಳೆಗೆ ಬೀಜ ಬಿತ್ತುವವನ ಅನ್ನವೂ, ದೋಣಿಯನ್ನು ಅಲೆಗೆ ತಳ್ಳುವವನ ಪ್ರಾಣವೂ ಅದನ್ನೇ ಅವಲಂಬಿಸಿರುತ್ತವೆ. ಆದಕಾರಣ ಆಕಾಶವನ್ನು ನೋಡಿ ಬಿರುಗಾಳಿಯನ್ನು ಹೇಳುವ ವಿದ್ಯೆಯು ಹೇಗೆ ಬೆಳೆದುಬಂದಿತು, ಅದರಲ್ಲಿ ಗಟ್ಟಿಯಾದುದೆಷ್ಟು, ಜೊಳ್ಳಾದುದೆಷ್ಟು ಎಂಬುದು ವಿಚಾರಾರ್ಹವಾದ ಚರಿತ್ರೆಯಾಗಿದೆ.

ಈ ವಿದ್ಯೆಯು ಬಹು ಪ್ರಾಚೀನವಾದುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಉಗ್ರಾಣದ ಮುಂದೆ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯುವ ಕ್ರಮವೂ, ಗುರು ಶುಕ್ರ ಸೂರ್ಯರ ಸ್ಥಿತಿಗತಿಗಳಿಂದ ಮಳೆಯನ್ನು ಊಹಿಸುವ ಕ್ರಮವೂ ಜೊತೆಜೊತೆಯಾಗಿ ಹೇಳಲ್ಪಟ್ಟಿವೆ. ಆರನೆಯ ಶತಮಾನದ ವರಾಹಮಿಹಿರನು ತನ್ನ ಬೃಹತ್ಸಂಹಿತೆಯಲ್ಲಿ ಮೇಘವು ಗರ್ಭ ಕಟ್ಟಿದ 195 ದಿನಗಳ ಮೇಲೆ ಮಳೆಯಾಗಿ ಪ್ರಸವಿಸುವುದೆಂದು ವಿವರಿಸಿರುವನು. ಮಾರ್ಗಶಿರದ ಮೋಡವನ್ನು ನೋಡಿ ಮುಂಗಾರನ್ನು ಹೇಳುವ ದೀರ್ಘಾವಧಿಯ ಭವಿಷ್ಯವೆಂದರೆ ಇದೇ. ಕನ್ನಡದಲ್ಲಿಯೂ ಈ ಶಾಸ್ತ್ರಕ್ಕೆ ಕೊರತೆಯಿಲ್ಲ. ಸುಮಾರು 1300ರಲ್ಲಿ ರಟ್ಟಕವಿಯು ಮಳೆ, ಮಿಂಚು, ಭೂಕಂಪ, ಗ್ರಹ, ಶಕುನಗಳನ್ನು ಕುರಿತು ‘ರಟ್ಟಮತ’ವನ್ನು ರಚಿಸಿದನು, ಅದು ತೆಲುಗಿಗೂ ಹೋಯಿತು. ಒಂದು ಕಾಲದಲ್ಲಿ ಬಾರಕೂರು ಮಂಗಳೂರುಗಳನ್ನು ಆಳಿದ ಕೆಳದಿಯ ಅರಸು ಮನೆತನದ ಬಸವರಾಜನು 1709ರಲ್ಲಿ ಮುಗಿಸಿದ ‘ಶಿವತತ್ತ್ವರತ್ನಾಕರ’ದಲ್ಲಿ ಜ್ಯೋತಿಷಕ್ಕೂ ಸ್ಥಳವುಂಟು.

ಆದರೆ ಗ್ರಂಥಗಳಿಗಿಂತಲೂ ಹೆಚ್ಚಾಗಿ ಜನರ ನಾಲಗೆಯ ಮೇಲೆ ನಿಂತುದು ಮಳೆನಕ್ಷತ್ರಗಳ ಲೆಕ್ಕವೇ ಸರಿ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನವಿರುವನು. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರೆ, 22ಕ್ಕೆ ಆರ್ದ್ರೆ. ತುಳುವರ ತಿಂಗಳುಗಳೂ ಸೌರಮಾನದವೇ ಆದುದರಿಂದ ಈ ಲೆಕ್ಕವು ಅವರ ಬಾಳಿಗೆ ಚೆನ್ನಾಗಿ ಹೊಂದಿಕೊಂಡಿತು. ಬೇಶ ತಿಂಗಳ ಹತ್ತನೆಯ ದಿನ ಪತ್ತನಾಜೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವುವು, ಕೋಲ ನೇಮಗಳು ನಿಲ್ಲುವುವು. ಅದರ ಮರುದಿನವೋ ಅದರಾಚೆಯ ದಿನವೋ ಸೂರ್ಯನು ರೋಹಿಣಿಯನ್ನು ಹೊಗುವನು. ಬಯಲಿನ ರಂಗಸ್ಥಳವನ್ನು ಮಳೆಗೆ ಒಪ್ಪಿಸದೆ ಮೊದಲೇ ಎತ್ತಿಬಿಡುವ ಈ ಏರ್ಪಾಡನ್ನು ಯಾವ ಹವಾಮಾನ ಶಾಸ್ತ್ರಜ್ಞನೂ ಹಳಿಯಲಾರನು. ಹಾಗೆಯೇ ಮೊಗವೀರರು ಮಳೆಗಾಲದ ಕಡಲನ್ನು ಬಿಟ್ಟಿದ್ದು, ನೂಲಹುಣ್ಣಿಮೆಯ ಹೊತ್ತಿಗೆ ಮಲ್ಪೆಯಲ್ಲಿ ಸಮುದ್ರಪೂಜೆ ಮಾಡಿ ಮತ್ತೆ ಇಳಿಯುತ್ತಿದ್ದರು.

ಈ ಲೆಕ್ಕವು ಫಲಿಸುವುದೇಕೆ? ಅದು ಸೂರ್ಯನ ಲೆಕ್ಕವಾದುದರಿಂದ. ಋತುಗಳನ್ನು ಮಾಡುವವನು ಸೂರ್ಯನೇ. ಅರಬ್ಬೀ ಸಮುದ್ರದಲ್ಲಿ ಚಂಡಮಾರುತಗಳು ಮುಖ್ಯವಾಗಿ ಏಳುವುದು ಮುಂಗಾರಿನ ಹಿಂದುಮುಂದಿನ ತಿಂಗಳುಗಳಲ್ಲಿ. ಆಗ ನೀರು 26 ಡಿಗ್ರಿಗಿಂತ ಹೆಚ್ಚು ಕಾದಿರುವುದು, ಮೇಲುಗಾಳಿಯೂ ಮೋಡವನ್ನು ಚೆದರಿಸುವಷ್ಟು ಬಲವಾಗಿರುವುದಿಲ್ಲ. ಎಂದರೆ ಕೃತ್ತಿಕೆ ರೋಹಿಣಿಗಳು ಒಂದೆಡೆ, ಚಿತ್ತೆ ಸ್ವಾತಿ ವಿಶಾಖೆಗಳು ಮತ್ತೊಂದೆಡೆ. ಆದರೆ ಇದರಲ್ಲಿಯೂ ಒಂದು ಸೂಕ್ಷ್ಮವುಂಟು. ಅಯನಚಲನದಿಂದ ನಕ್ಷತ್ರಗಳ ಲೆಕ್ಕವು ಸುಮಾರು 72 ವರ್ಷಗಳಿಗೆ ಒಂದು ದಿನದಂತೆ ಋತುವಿನಿಂದ ಸರಿಯುವುದು. ಪೂರ್ವಶಾಸ್ತ್ರಗಳಲ್ಲಿ ಆಶ್ಲೇಷಾರ್ಧದಲ್ಲಿದ್ದ ದಕ್ಷಿಣಾಯನವು ತನ್ನ ಕಾಲದಲ್ಲಿ ಕರ್ಕಾಟಕದ ಆದಿಗೆ ಬಂದಿದೆಯೆಂದು ವರಾಹಮಿಹಿರನೇ ಬರೆದಿಟ್ಟಿರುವನು. ಇಂದು ಅದು ಮೃಗಶಿರೆಯ ಕೊನೆಗೆ ಬಂದಿದೆ. ಆದುದರಿಂದ ಆತನ ಶ್ಲೋಕವನ್ನು ಇಂದಿನ ಪಂಚಾಂಗಕ್ಕೆ ಹಾಗೆಯೇ ಹಚ್ಚುವವರು ಮೂರು ವಾರಗಳಷ್ಟು ತಪ್ಪುವರು. ಕಣ್ಣಿನಿಂದ ಕಂಡು ಹಿಂದಿನವರನ್ನು ತಿದ್ದಿದ ಆಚಾರ್ಯನನ್ನು ಅನುಸರಿಸುವ ಬಗೆ ಇದಲ್ಲ.

ಹೀಗೆ ಅನುಭವಸಿದ್ಧವಾದ ಸೂರ್ಯಗಣನೆಯು ಇರುವ ಪಂಚಾಂಗದಲ್ಲಿಯೇ ಇನ್ನೊಂದು ಸರಕೂ ಇರುತ್ತದೆ. ಈ ವರ್ಷಕ್ಕೆ ಮೇಘಾಧಿಪತಿ ಯಾರು, ಸಸ್ಯಾಧಿಪತಿ ಯಾರು, ಎಷ್ಟು ಆಢಕ ಮಳೆ, ಯಾವ ಗ್ರಹಗಳ ಕೂಟದಿಂದ ಎಂದು ಬಿರುಗಾಳಿ, ಎಂಬುದಾಗಿ. ಮೊದಲನೆಯದು ಗಳಿಸಿದ ನಂಬಿಕೆಯನ್ನು ಎರಡನೆಯದು ಸಾಲವಾಗಿ ಪಡೆಯಿತು. ಮೃಗಶಿರೆಯಲ್ಲಿ ಮಳೆ ಹಿಡಿದುದನ್ನು ಕಂಡವನು ಶನಿ ಕುಜರ ಮಾತನ್ನೂ ಸುಳ್ಳೆನ್ನಲಾರದೆ ಹೋದನು.

ಗ್ರಹಕೂಟದ ಭವಿಷ್ಯಕ್ಕೆ ದೊಡ್ಡ ಪರೀಕ್ಷೆಗಳು ಆಗಿಹೋಗಿವೆ. ಕಲ್ಯಾಣಕ್ರಾಂತಿಯಾಗಿ ಇಪ್ಪತ್ತು ವರ್ಷಗಳೊಳಗೆ, 1186ರ ಸೆಪ್ಟೆಂಬರಿನಲ್ಲಿ, ಗ್ರಹಗಳೆಲ್ಲವೂ ತುಲೆಯಲ್ಲಿ ಕೂಡುವುವೆಂದೂ, ಆಗ ಭಯಂಕರ ಬಿರುಗಾಳಿಯು ಪಟ್ಟಣಗಳನ್ನು ಕೆಡಹುವುದೆಂದೂ ಸ್ಪೇನಿನ ಟೊಲೆಡೊ ಪಟ್ಟಣದ ಹೆಸರಿನಲ್ಲಿ ಒಂದು ಪತ್ರವು ಯೂರೋಪಿನಲ್ಲೆಲ್ಲಾ ಹರಡಿತು. ಪಾರಸಿಕ ಕವಿ ಅನ್ವರಿಯೂ ಅದನ್ನೇ ಹೇಳಿ ಅಪಹಾಸ್ಯಕ್ಕೆ ಗುರಿಯಾದನು. ಹೇಳಿದ ಪ್ರಳಯವು ಬರಲಿಲ್ಲ. 1962ರ ಫೆಬ್ರವರಿ 3ರಿಂದ 5ರವರೆಗೆ ಮಕರದಲ್ಲಿ ಅಷ್ಟಗ್ರಹಕೂಟವಾದಾಗ ಭಾರತದಾದ್ಯಂತ ಹೋಮಹವನಗಳು ನಡೆದುವು. ಪ್ರಯಾಣಗಳನ್ನು ನಿಲ್ಲಿಸಿದವರೆಷ್ಟೋ ಮಂದಿ. ಆ ದಿನಗಳು ಎಂದಿನಂತೆಯೇ ಕಳೆದುವು. ತಾರಾಬಲ ಚಂದ್ರಬಲಗಳ ಭಯವನ್ನು ಭಕ್ತರ ಮನಸ್ಸಿನಿಂದ ಕೀಳಲು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಶ್ರಮಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗಲಾರದು.

ಚಂದ್ರನಿಗೆ ಮಾತ್ರ ಅವನ ಪಾಲನ್ನು ಸಲ್ಲಿಸಬೇಕು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಕಾಪುವಿನ ಕಡಲು ಉಬ್ಬುವುದು ನಿಜ. ಆ ಉಬ್ಬರದೊಡನೆ ಬಿರುಗಾಳಿಯೂ ಸೇರಿದರೆ ದಂಡೆಯ ಮನೆಗಳಿಗೆ ಅಪಾಯ ಹೆಚ್ಚು. ಆದರೆ ಬಿರುಗಾಳಿಯನ್ನು ಹುಟ್ಟಿಸುವವನು ಅವನಲ್ಲ.

ಭಾರತೀಯ ಹವಾಮಾನ ಇಲಾಖೆಯು 1875ರಲ್ಲಿ ಸ್ಥಾಪಿತವಾಯಿತು. 1886ರಲ್ಲಿ ಬ್ಲ್ಯಾನ್‌ಫರ್ಡನು ಹಿಮಾಲಯದ ಹಿಮವನ್ನು ನೋಡಿ ಮುಂಗಾರನ್ನು ಹೇಳತೊಡಗಿದನು. 1904ರಲ್ಲಿ ಅಧಿಕಾರಕ್ಕೆ ಬಂದ ಗಿಲ್ಬರ್ಟ್ ವಾಕರನು ಸೂರ್ಯಕಲೆಗಳನ್ನೂ ಪರೀಕ್ಷಿಸಿ, ಅವುಗಳಲ್ಲಿ ನೆಚ್ಚತಕ್ಕ ಸಂಬಂಧವನ್ನು ಕಾಣದೆ, ದೂರದ ಸಮುದ್ರಗಳ ವಾಯುಭಾರದ ಕಡೆಗೆ ತಿರುಗಿದನು. ಕಾಪುವಿನ ಬಂಡೆಯ ಮೇಲೆ ದೀಪಸ್ತಂಭವು ಎದ್ದುದು 1901ರಲ್ಲಿ. ಇಂದು ಉಪಗ್ರಹಗಳೂ ಗಣಕಯಂತ್ರಗಳೂ ಇದ್ದಾಗ್ಯೂ ಒಂದು ಚಂಡಮಾರುತದ ದಾರಿಯನ್ನು ನಂಬಿಕೆಯಿಂದ ಹೇಳಬಲ್ಲುದು ನಾಲ್ಕೈದು ದಿನ ಮುಂಚಿತವಾಗಿ ಮಾತ್ರ. ತಿಂಗಳುಗಳ ಮೊದಲೇ ಬಿರುಗಾಳಿಯ ದಿನವನ್ನು ಗೊತ್ತುಮಾಡುವವನು ಯಾವ ವೇಷದಲ್ಲಿದ್ದರೂ ಸಂಶಯಾರ್ಹನೇ.

2020ರ ಸೆಪ್ಟೆಂಬರ್ 20ರಂದು ಉತ್ತರೆಯ ಮಳೆಯಲ್ಲಿ ಉಡುಪಿಯ ಕಲ್ಸಂಕ ಮೊದಲಾದ ಕಡೆ ಮನೆಗಳಿಗೆ ನೀರು ನುಗ್ಗಿತು. ಮಣಿಪಾಲದ ಗುಡ್ಡದಿಂದಿಳಿವ ಇಂದ್ರಾಣಿಯ ದಾರಿಯೂ ಅದೇ. ಮರುವರ್ಷ ಮೇ ತಿಂಗಳಲ್ಲಿ, ಪತ್ತನಾಜೆಗೆ ಇನ್ನೂ ಒಂಬತ್ತು ಹತ್ತು ದಿನಗಳಿರುವಾಗ, ಕೃತ್ತಿಕೆಯಲ್ಲಿ, ‘ತೌಕ್ತೆ’ ಚಂಡಮಾರುತವು ಈ ತೀರದಾಚೆ ಹಾದುಹೋಯಿತು. ಉಡುಪಿ ಜಿಲ್ಲೆಯ ನಾಡದಲ್ಲಿ ಒಂದೇ ದಿನ 385 ಮಿಲಿಮೀಟರ್ ಮಳೆಯಾಯಿತು. ಕಡಲಿಗೆ ಇಳಿಯಬಾರದೆಂಬ ಎಚ್ಚರಿಕೆಯು ಮುಂಚಿತವಾಗಿಯೇ ಬಂದಿದ್ದಿತು. ಆದಾಗ್ಯೂ ಮಗುಚಿದ ಒಂದು ಟಗ್ ನೌಕೆಯು ಪಡುಬಿದ್ರೆಯ ದಂಡೆಗೆ ಬಂದು ಬಿದ್ದಿತು, ಅದರಲ್ಲಿದ್ದ ಕೆಲವರು ಮಡಿದರು. ಮೂಲ್ಕಿಯ ಬಂಡೆಗಳ ಬಳಿ ಸಿಕ್ಕಿಬಿದ್ದ ಮತ್ತೊಂದರ ಒಂಬತ್ತು ಮಂದಿಯನ್ನು 17ರಂದು ನೌಕಾದಳದ ಹೆಲಿಕಾಪ್ಟರೂ ತೀರರಕ್ಷಣಾ ಪಡೆಯ ದೋಣಿಯೂ ಬದುಕಿಸಿ ತಂದುವು.