ಆರು ತಿಂಗಳ ಅತಿಥಿ: ಘಣಸೋಲಿಯಲ್ಲಿ ಕಂಟೇನರು ಕಟ್ಟಡವಾದ ಬಗೆ

ನವಿ ಮುಂಬಯಿಯ ಘಣಸೋಲಿ ಸ್ಟೇಷನ್ನಿನಿಂದ ಖಾಡಿಯ (ಕಡಲ ಹಿನ್ನೀರಿನ) ಕಡೆಗೆ ಹೋಗುವ ದಾರಿಯಲ್ಲಿ, ಕಟ್ಟಡ ಏಳುತ್ತಿರುವ ಒಂದು ಸೈಟಿನ ತಗಡಿನ ಬೇಲಿಯೊಳಗೆ ಇಪ್ಪತ್ತು ಅಡಿಯ ಹಳೆಯ ಕಂಟೇನರೊಂದು ನಿಂತಿದೆ. ಸಿಮೆಂಟಿನ ನಾಲ್ಕು ಬ್ಲಾಕುಗಳ ಮೇಲೆ ಅದರ ನಾಲ್ಕು ಮೂಲೆಗಳು. ಬಾಗಿಲ ನಾಲ್ಕು ಲಾಕ್ ರಾಡುಗಳಲ್ಲಿ ಎರಡನ್ನು ಗ್ಯಾಸ್ ಕಟರಿನಿಂದ ಕೊಯ್ದು, ಸಾದಾ ಚಿಲಕ ಕೂರಿಸಿ, ಬೀಗ ಜಡಿದಿದ್ದಾರೆ. ಮೇಲೆ ನೀಲಿ ಬಣ್ಣ. ಆದರೆ ಸಂಜೆಯ ಓರೆ ಬಿಸಿಲು ಬಿದ್ದಾಗ ಆ ನೀಲಿಯ ಅಡಿಯಿಂದ ಹಳೆಯ ಬರಹದ ಅಂಚು ಉಬ್ಬಿ ಕಾಣುತ್ತದೆ: ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗೆ ಒಂಟಿಯಾಗಿ ಇನ್ನೊಂದು ಅಂಕಿ. ಬಾಗಿಲ ಕೆಳಭಾಗದಲ್ಲಿ ರಿವೆಟಿನ ನಾಲ್ಕು ಖಾಲಿ ತೂತುಗಳಿವೆ. ಅಲ್ಲೊಂದು ಲೋಹದ ಫಲಕವಿತ್ತು, ಯಾರೋ ಕಿತ್ತಿದ್ದಾರೆ.

ಕಂಟೇನರುಗಳನ್ನು ಮನೆ, ಅಂಗಡಿ, ಉಗ್ರಾಣಗಳಾಗಿಸುವುದರ ಬಗ್ಗೆ ಬಂದಿರುವ ಬರಹಗಳು ಹೆಚ್ಚಾಗಿ ವಾಸ್ತುಶಿಲ್ಪಿಗಳ ಕಣ್ಣಿನವು. ಲಂಡನ್ನಿನ ಕಂಟೇನರ್ ಸಿಟಿ (2001), ಆಮ್‌ಸ್ಟರ್‌ಡ್ಯಾಮಿನ ವಿದ್ಯಾರ್ಥಿ ನಿಲಯ ಕೀಟ್ವೊನೆನ್‌ಗಳ ಚಿತ್ರ ಅವುಗಳಲ್ಲಿ ತಪ್ಪದೆ ಇರುತ್ತದೆ. ಘಣಸೋಲಿಯ ಈ ನೀಲಿ ಪೆಟ್ಟಿಗೆಯನ್ನು ಯಾವ ವಾಸ್ತುಶಿಲ್ಪಿಯೂ ಮುಟ್ಟಿಲ್ಲ. ಕಟ್ಟಡವಾಗಿ ಅದರ ಹುಟ್ಟು ಶುರುವಾದದ್ದು ಆ ಫಲಕ ಕಿತ್ತ ದಿನ, ಅಂದರೆ ಕಾಗದದಲ್ಲಿ. ಅದನ್ನು ಇಲ್ಲಿ ನಿಲ್ಲಿಸಿರುವುದು ‘ತಾತ್ಕಾಲಿಕ’ ಎಂಬ ಒಂದೇ ಪದ ಎಂಬುದು ನನ್ನ ವಾದ. ಕಂಟೇನರನ್ನು ಮಣ್ಣಿನಡಿ ಹುಗಿದು ಆಸರೆ ಮಾಡಿಕೊಳ್ಳುವ ಅಮೆರಿಕನ್ ಕನಸು ಈ ಊರಲ್ಲಿ ಕಾಲೂರದಿರುವುದಕ್ಕೂ ಆ ಪದ ಒಂದು ಕಾರಣ. ಇನ್ನೊಂದು ಕಾರಣ ಇಲ್ಲಿನ ಕೆಸರು.

ಮೊದಲು ಪೆಟ್ಟಿಗೆಯ ಕುಲಗೋತ್ರ. 1956ರ ಏಪ್ರಿಲ್ 26ರಂದು ಮಾಲ್ಕಮ್ ಮೆಕ್ಲೀನನ ‘ಐಡಿಯಲ್ ಎಕ್ಸ್’ ಹಡಗು 58 ಪೆಟ್ಟಿಗೆಗಳನ್ನು ಹೊತ್ತು ನ್ಯೂಜೆರ್ಸಿಯ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಹೊರಟದ್ದನ್ನು ಎಲ್ಲರೂ ಆರಂಭವೆನ್ನುತ್ತಾರೆ. ಮರುಬಳಕೆಯ ಚರಿತ್ರೆ ಶುರುವಾಗುವ ಪೆಟ್ಟಿಗೆ ಅದಕ್ಕಿಂತ ತುಸು ಹಿಂದಿನದು. ಅಮೆರಿಕದ ಸೇನೆ 1950ರ ದಶಕದ ಮೊದಲಲ್ಲೇ ‘ಕೋನೆಕ್ಸ್’ ಎಂಬ ಸಣ್ಣ ಉಕ್ಕಿನ ಪೆಟ್ಟಿಗೆಗಳಲ್ಲಿ ಸಾಮಾನು ಸಾಗಿಸುತ್ತಿತ್ತು. ವಿಯೆಟ್ನಾಮಿಗೆ ಹೋದ ಕೋನೆಕ್ಸುಗಳಲ್ಲಿ ಬಹಳಷ್ಟು ಹಿಂದಿರುಗಲಿಲ್ಲ. ಅಲ್ಲಿ ಅವು ಉಗ್ರಾಣಗಳಾದವು, ಕಚೇರಿಗಳಾದವು, ಸುತ್ತಲೂ ಮೇಲೂ ಮರಳಿನ ಚೀಲ ಪೇರಿಸಿಕೊಂಡು ಬಂಕರುಗಳಾದವು. ಕಂಟೇನರನ್ನು ಹುಗಿದು ಅಡಗುದಾಣ ಮಾಡುವ ಆಸೆಯ ಬೇರು ಇಲ್ಲಿದೆ. ಆದರೆ ಮರಳಿನ ಚೀಲ ಸೋರಿದರೆ ಬದಲಿಸಬಹುದು, ಮಳೆ ನೀರು ಅದರ ನಡುವೆ ಇಳಿದುಹೋಗುತ್ತದೆ. ಮಣ್ಣಿನ ಗುಂಡಿಯ ಸ್ವಭಾವವೇ ಬೇರೆ. 1987ರಲ್ಲಿ ಫಿಲಿಪ್ ಕ್ಲಾರ್ಕ್ ಎಂಬಾತ ಕಂಟೇನರುಗಳನ್ನು ವಾಸಯೋಗ್ಯ ಕಟ್ಟಡವಾಗಿಸುವ ವಿಧಾನಕ್ಕೆ ಪೇಟೆಂಟ್ ಕೋರಿದ. 1989ರ ಆಗಸ್ಟಿನಲ್ಲಿ ಅದು ದೊರೆಯಿತು. ಅವನೂ ಪೆಟ್ಟಿಗೆಯನ್ನು ಕೂರಿಸಿದ್ದು ಭಾರ ಹೊರುವ ತಳಪಾಯದ ಮೇಲೆ, ನೆಲದೊಳಗಲ್ಲ.

ಭಾರತಕ್ಕೆ ಕಂಟೇನರು ಬಂದದ್ದು 1973ರಲ್ಲಿ, ಕೊಚ್ಚಿ ಬಂದರಿಗೆ. ಒಳನಾಡಿನ ಮೊದಲ ಕಂಟೇನರ್ ಡಿಪೋ ನಮ್ಮ ಬೆಂಗಳೂರಿನದು: ಸಮುದ್ರವೇ ಇಲ್ಲದ ಊರಿಗೆ 1981ರಲ್ಲಿ ರೈಲ್ವೆಯವರು ಬಂದರಿನ ಸೀಲು, ಕಸ್ಟಮ್ಸು ಎಲ್ಲವನ್ನೂ ತಂದಿಟ್ಟರು. ಘಣಸೋಲಿಗೆ ಹತ್ತಿರದ ಕಥೆ 1989ರ ಮೇ ತಿಂಗಳದು. ನ್ಹಾವಾ ಶೇವಾದಲ್ಲಿ ಜವಾಹರಲಾಲ್ ನೆಹರೂ ಬಂದರು ಕೆಲಸ ಶುರುಮಾಡಿದ್ದು ಆಗ. ಕ್ಲಾರ್ಕನ ಪೇಟೆಂಟಿಗೂ ಇದಕ್ಕೂ ಮೂರು ತಿಂಗಳ ಅಂತರ. ಕಾಕತಾಳೀಯವೇ, ಆದರೂ ಬರೆದಿಡಬೇಕೆನಿಸಿತು. 2024–25ರಲ್ಲಿ ಆ ಬಂದರು ನಿರ್ವಹಿಸಿದ್ದು ಇಪ್ಪತ್ತಡಿಯ ಲೆಕ್ಕದಲ್ಲಿ ಸುಮಾರು 73 ಲಕ್ಷ ಪೆಟ್ಟಿಗೆಗಳನ್ನು. ಉರಣ, ದ್ರೋಣಾಗಿರಿ, ಕಳಂಬೋಲಿಯ ಯಾರ್ಡುಗಳಲ್ಲಿ ಖಾಲಿ ಡಬ್ಬಗಳ ರಾಶಿ ನೋಡಿದವರಿಗೆ ಈ ಅಂಕಿ ಉತ್ಪ್ರೇಕ್ಷೆ ಅನ್ನಿಸದು.

ರಾಶಿ ಎಷ್ಟಿದ್ದರೂ ಅದರಲ್ಲಿ ಒಂದನ್ನೂ ಯಾರೂ ಹಾಗೆಯೇ ಎತ್ತಿಕೊಂಡು ಹೋಗುವಂತಿಲ್ಲ. ಹೊರದೇಶದ ಕಂಟೇನರು ನಮ್ಮ ಕಾನೂನಿನ ಕಣ್ಣಲ್ಲಿ ಅತಿಥಿ. 1994ರ ಮಾರ್ಚ್ 16ರ 104ನೇ ಕಸ್ಟಮ್ಸ್ ಅಧಿಸೂಚನೆಯ ಪ್ರಕಾರ ಅದು ಸುಂಕವಿಲ್ಲದೆ ಒಳಗೆ ಬರಬಹುದು, ಆದರೆ ಆರು ತಿಂಗಳೊಳಗೆ ಹೊರಗೆ ಹೋಗುತ್ತದೆಂದು ಬಾಂಡು ಬರೆದುಕೊಡಬೇಕು. ಇಲ್ಲೇ ಉಳಿಸಿಕೊಳ್ಳುವುದಾದರೆ ಸುಂಕ ಕಟ್ಟಿ ಅದನ್ನು ‘ಸರಕು’ ಮಾಡಿಸಬೇಕು. ನಿನ್ನೆವರೆಗೂ ಸರಕು ಹೊತ್ತದ್ದು ಇಂದು ತಾನೇ ಸರಕು. ಹಡಗಿನ ಕಂಪನಿಗಳು ಹತ್ತು ಹದಿನೈದು ವರ್ಷ ದುಡಿಸಿದ ಡಬ್ಬವನ್ನು ಮಾರುವುದು ಈ ಹಾದಿಯಲ್ಲಿ. ಆಗಲೇ ಬಾಗಿಲ ಮೇಲಿನ ಆ ಫಲಕ ಹೋಗುವುದು. 1972ರ ಸುರಕ್ಷಿತ ಕಂಟೇನರುಗಳ ಅಂತರರಾಷ್ಟ್ರೀಯ ಒಪ್ಪಂದದಂತೆ ಅದು ಕಂಟೇನರಿನ ಯೋಗ್ಯತಾಪತ್ರ: ತಯಾರಾದ ತಿಂಗಳು, ಹೊರಬಹುದಾದ ಭಾರ, ಪೇರಿಸಬಹುದಾದ ತೂಕ ಎಲ್ಲವೂ ಅದರ ಮೇಲಿರುತ್ತವೆ. ಹೊಸ ಡಬ್ಬಕ್ಕೆ ಐದು ವರ್ಷದೊಳಗೆ ಮೊದಲ ತಪಾಸಣೆ, ಆಮೇಲೆ ಮೂವತ್ತು ತಿಂಗಳಿಗೊಮ್ಮೆ. ಫಲಕ ಕಿತ್ತ ಮೇಲೆ ಈ ಪೆಟ್ಟಿಗೆಯನ್ನು ತಪಾಸಣೆ ಮಾಡುವವರು ಯಾರೂ ಇಲ್ಲ.

ಇನ್ನು ಅದು ಬಂದು ಕೂತ ನೆಲ. 1970ರಲ್ಲಿ ನಗರ ಕಟ್ಟುವ ಸರ್ಕಾರಿ ನಿಗಮ ಸಿಡ್ಕೊ ಹುಟ್ಟಿ, ನವಿ ಮುಂಬಯಿಗೆಂದು 95 ಹಳ್ಳಿಗಳ ಜಮೀನು ಗುರುತಾಯಿತು. 1984ರ ಜನವರಿಯಲ್ಲಿ ಜಾಸಯಿಯ ಬಳಿ ಜಮೀನು ಕಳೆದುಕೊಂಡವರ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ಸತ್ತರು. ದಿ.ಬಾ. ಪಾಟೀಲರ ಮುಂದಾಳತ್ವದ ಆ ಹೋರಾಟದಿಂದಲೇ ‘ಸಾಡೇಬಾರಾ ಟಕ್ಕೆ’, ಅಂದರೆ ಶೇಕಡಾ 12.5ರ ಅಭಿವೃದ್ಧಿ ಹೊಂದಿದ ಜಮೀನು ರೈತರಿಗೆ ಮರಳಿಸುವ ಯೋಜನೆ ಬಂತು. ಸಿಡ್ಕೊ ‘ನೋಡ್’ ಎನ್ನುವ ಬಡಾವಣೆಗಳಲ್ಲಿ ಘಣಸೋಲಿ ಬೆಳೆದದ್ದು ನಿಧಾನವಾಗಿ. ಠಾಣೆ–ವಾಶಿ ಮಾರ್ಗದಲ್ಲಿ ಜನರ ಲೋಕಲ್ ಓಡಲು 2004 ಬರಬೇಕಾಯಿತು. ಈ ನಿಧಾನದಿಂದಾಗಿ ಇಲ್ಲಿ ಇವತ್ತಿಗೂ ಯಾವುದೋ ಪ್ಲಾಟಿನಲ್ಲಿ ಪಾಯ ತೋಡುತ್ತಲೇ ಇರುತ್ತಾರೆ, ಪಾಯ ತೋಡಿದಲ್ಲೆಲ್ಲ ಸ್ಟೋರಿಗೊಂದು ಡಬ್ಬ ಬೇಕು.

ಅದಕ್ಕೆ ಅನುಮತಿ? ಖಾಡಿಯಾಚೆಯ ಬೃಹನ್ಮುಂಬಯಿಯ 1991ರ ಅಭಿವೃದ್ಧಿ ನಿಯಂತ್ರಣ ನಿಯಮಗಳನ್ನು ಓದುವಾಗ ನನಗೊಂದು ಸಾಲು ಸಿಕ್ಕಿತು. ಸೈಟಿನೊಳಗೆ ಕಟ್ಟಡ ಸಾಮಗ್ರಿ ಇಡುವ ಗೋಡೌನು, ಸೈಟ್ ಆಫೀಸು, ವಾಚ್‌ಮನ್ ಚೌಕಿಗಳು ‘ತಾತ್ಕಾಲಿಕ ನಿರ್ಮಾಣ’ಗಳು. ಅವುಗಳಿಗೆ ಒಂದು ಸಲಕ್ಕೆ ಆರು ತಿಂಗಳು ಮೀರದಂತೆ, ಒಟ್ಟು ಮೂರು ವರ್ಷ ಮೀರದಂತೆ ಅನುಮತಿಯಿತ್ತು. ಕಸ್ಟಮ್ಸಿನ ಆರು ತಿಂಗಳು, ಕಾರ್ಪೊರೇಷನ್ನಿನ ಆರು ತಿಂಗಳು! ಒಂದನ್ನೊಂದು ನೋಡಿ ಬರೆದದ್ದಲ್ಲ. ಆದರೆ ಎರಡೂ ಕಾನೂನುಗಳಿಗೆ ಎದುರಿಗಿರುವ ವಸ್ತು ಹೊರಡಲಿರುವಂಥದ್ದು ಎಂಬ ನಂಬಿಕೆಯಿದೆ. ಇಟ್ಟಿಗೆಯಲ್ಲಿ ಕಟ್ಟಿದ ಸ್ಟೋರಿಗೆ ಈ ನಂಬಿಕೆ ದಕ್ಕುವುದು ಕಷ್ಟ. ನಾಲ್ಕು ಮೂಲೆಯಲ್ಲಿ ಕ್ರೇನಿನ ಕೊಕ್ಕೆಗೆ ತೂತಿರುವ ಪೆಟ್ಟಿಗೆಗೆ ಅದು ಹುಟ್ಟಿನಿಂದಲೇ ಬಂದಿದೆ. ಹೈಡ್ರಾ ಕ್ರೇನ್ ತಂದರೆ ಅರ್ಧ ತಾಸಿನಲ್ಲಿ ಎತ್ತಿಕೊಂಡು ಹೋಗಬಹುದು. ಆದ್ದರಿಂದಲೇ ಯಾರೂ ಎತ್ತಿಕೊಂಡು ಹೋಗೆಂದು ಒತ್ತಾಯಿಸುವುದಿಲ್ಲ.

ಹುಗಿದರೆ ಈ ರಿಯಾಯಿತಿ ಹೋಯಿತು. ಅದು ಕಾನೂನಿನ ಮಾತು. ಲೋಹದ ಮಾತು ಇನ್ನೂ ನಿಷ್ಠುರ. ಕಂಟೇನರಿನ ಬಲವೆಲ್ಲ ಅದರ ನಾಲ್ಕು ಮೂಲೆಗಂಬಗಳಲ್ಲಿದೆ. ಅಂತರರಾಷ್ಟ್ರೀಯ ಮಾನಕದ ಪರೀಕ್ಷೆಯಲ್ಲಿ ಒಂದೊಂದು ಕಂಬದ ಮೇಲೆ 86 ಟನ್ನಿಗೂ ಮಿಕ್ಕಿದ ಭಾರ ಹೇರುತ್ತಾರೆ. ಅದೇ ಪೆಟ್ಟಿಗೆಯ ಚಾವಣಿಗೆ ಇರುವ ಪರೀಕ್ಷೆ 300 ಕಿಲೋ ಮಾತ್ರ, ಅದೂ ಇಬ್ಬರು ಆಳುಗಳು ಹತ್ತಿ ನಿಂತರೆ ತಡೆಯಲೆಂದು. ಚಾವಣಿಯ ತಗಡು ಎರಡು ಮಿಲಿಮೀಟರ್ ದಪ್ಪ. ಇದರ ಮೇಲೆ ಒಂದೇ ಅಡಿ ಮಣ್ಣು ಹರಡಿದರೆ, ಘನಮೀಟರಿಗೆ 1.8 ಟನ್ನಿನ ಲೆಕ್ಕದಲ್ಲಿ, ಸುಮಾರು 8 ಟನ್ ಆಗುತ್ತದೆ. ಪಕ್ಕದ ಗೋಡೆಯದು ಇನ್ನೊಂದು ತಾಪತ್ರಯ. ಹೊರುವ ಸರಕಿನ ತೂಕದ ಶೇ. 60ರಷ್ಟು ಒತ್ತಡವನ್ನು ಒಳಗಿನಿಂದ ಹೇರಿ ಅದನ್ನು ಪರೀಕ್ಷಿಸುತ್ತಾರೆ. ಚದರ ಮೀಟರಿಗೆ ಒಂದು ಟನ್ನಿಗಿಂತ ತುಸು ಹೆಚ್ಚು. ಹುಗಿದ ಗೋಡೆಯ ಬುಡದಲ್ಲಿ ಒಣ ಮಣ್ಣು ಹೊರಗಿನಿಂದ ಒತ್ತುವುದು ಅದರ ಇಮ್ಮಡಿ. ಮಣ್ಣು ನೀರು ಕುಡಿದರೆ ಮೂರು ಪಟ್ಟಿಗೂ ಹೆಚ್ಚು.

ಘಣಸೋಲಿಯಲ್ಲಿ ಮಣ್ಣು ನೀರು ಕುಡಿಯದ ಕಾಲವೇ ಕಡಿಮೆ. ಪಶ್ಚಿಮದ ಸೆಕ್ಟರುಗಳು ಖಾಡಿಯಂಚಿನ ಜೇಡಿಗೆ ಮಣ್ಣಿನ ಭರಾವು ಹಾಕಿ ಎಬ್ಬಿಸಿದವು, ಆಚೆಗೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು. ಇಪ್ಪತ್ತಡಿಯ ಡಬ್ಬದ ಹೊರ ಅಳತೆ ಗುಣಿಸಿದರೆ 38 ಘನಮೀಟರ್ ಬರುತ್ತದೆ. ಪೂರ್ತಿ ಮುಳುಗಿದಾಗ 38 ಟನ್ ನೀರು ಅದನ್ನು ಮೇಲಕ್ಕೆ ನೂಕುತ್ತದೆ. ಖಾಲಿ ಡಬ್ಬದ ತೂಕ ಸುಮಾರು 2.2 ಟನ್. ನೀರು ಒಸರದಂತೆ ಬಂದೋಬಸ್ತು ಮಾಡಿ ಹುಗಿದಿರೋ, ಜುಲೈಯಲ್ಲಿ ಅದು ದೋಣಿಯಾಗಲು ನೋಡುತ್ತದೆ. ಬಂದೋಬಸ್ತು ಮಾಡದಿದ್ದರೆ ಬಾವಿ. ‘ಕಾರ್ಟೆನ್’ ಉಕ್ಕು ತನ್ನ ತುಕ್ಕನ್ನೇ ಕವಚ ಮಾಡಿಕೊಳ್ಳುತ್ತದೆಂಬ ಖ್ಯಾತಿಯೂ ಇಲ್ಲಿ ನಡೆಯದು. ಆ ಕವಚ ಕಟ್ಟಲು ಒದ್ದೆಯಾಗಿ ಒಣಗುವ ಸರದಿ ಬೇಕು. ಉಪ್ಪುಗಾಳಿ, ಸದಾ ತೇವ ಇದ್ದಲ್ಲಿ ತುಕ್ಕು ತಿನ್ನುತ್ತಲೇ ಹೋಗುತ್ತದೆ.

ನೆಲದಡಿ ಕೂಡಿಡುವ ವಿದ್ಯೆ ನಮ್ಮವರಿಗೆ ಗೊತ್ತಿಲ್ಲದ್ದೇನಲ್ಲ. ಈ ಸೈಟುಗಳಲ್ಲಿ ದುಡಿಯುವವರಲ್ಲಿ ವಿಜಯಪುರ, ಕಲಬುರಗಿ ಕಡೆಯ ಕನ್ನಡಿಗರು ಸಾಕಷ್ಟಿದ್ದಾರೆ, ಮತ್ತು ಆ ಸೀಮೆಯ ಹಗೇವು ಹುಗಿದ ಉಗ್ರಾಣಗಳಲ್ಲೇ ಅತ್ಯಂತ ಪಕ್ವವಾದದ್ದು. ಗಟ್ಟಿ ಒಣ ನೆಲದಲ್ಲಿ ಒಬ್ಬ ಮನುಷ್ಯ ಇಳಿಯುವಷ್ಟೇ ಕಿರಿದಾದ ಬಾಯಿ, ಒಳಗೆ ಗಡಿಗೆಯ ಹಾಗೆ ಅಗಲವಾಗುವ ಹೊಟ್ಟೆ, ಸುತ್ತ ಜೋಳದ ದಂಟು ಹುಲ್ಲಿನ ಒಳಪದರ, ಬಾಯಿಗೆ ಕಲ್ಲು ಮಣ್ಣಿನ ಮುಚ್ಚು. ಒಳಗಿನ ಜೋಳ ಉಸಿರಾಡಿ ಗಾಳಿಯಲ್ಲಿನ ಆಮ್ಲಜನಕ ಮುಗಿಸುತ್ತದೆ, ಹುಳ ಸಾಯುತ್ತದೆ, ಕಾಳು ವರ್ಷಗಟ್ಟಲೆ ಉಳಿಯುತ್ತದೆ. ಹಗೇವು ತೆಗೆದ ಕೂಡಲೇ ಇಳಿಯಬಾರದೆಂಬ ಎಚ್ಚರವೂ ಅದಕ್ಕೇ. ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಮನುಷ್ಯ ಇಳಿಯುವುದು. ಅದರ ಗುಂಡನೆಯ ಗೋಡೆ ಸುತ್ತಲ ಮಣ್ಣಿನ ಒತ್ತಡವನ್ನು ತನ್ನೊಳಗೇ ಹಂಚಿಕೊಳ್ಳುತ್ತದೆ. ಕಂಟೇನರಿನ ಚಪ್ಪಟೆ ಗೋಡೆಗೆ ಆ ಉಪಾಯ ಇಲ್ಲ. ಮರಾಠಿಯಲ್ಲಿ ಇಂಥ ಕಣಜಕ್ಕೆ ‘ಪೇವ’ ಎನ್ನುತ್ತಾರೆ. ಪಕಾರ ಹಕಾರವಾಗುವ ನಮ್ಮ ಭಾಷೆಯ ಜಾಯಮಾನ ನೆನೆದರೆ ಹಗೇವು, ಪೇವ ಎರಡೂ ಒಂದೇ ಬೇರಿನವೆಂದು ನನ್ನ ಗುಮಾನಿ. ಯಾವುದಾದರೂ ಇದ್ದಕ್ಕಿದ್ದಂತೆ ಎಲ್ಲೆಲ್ಲೂ ಕಾಣತೊಡಗಿದರೆ ಮರಾಠಿಗರು ‘ಪೇವ ಒಡೆಯಿತು’ ಅನ್ನುತ್ತಾರೆ. ಘಣಸೋಲಿಯ ಡಬ್ಬಗಳಿಗೂ ಆ ಮಾತು ಸಲ್ಲುತ್ತದೆ, ನೆಲದ ಮೇಲೆ.

ಇಲ್ಲಿ ನೆಲದಡಿ ಹೋದವರು ಇಲ್ಲವೆಂದಲ್ಲ. ಮುಂಬಯಿ–ಅಹಮದಾಬಾದ್ ಬುಲೆಟ್ ರೈಲಿನ 21 ಕಿಲೋಮೀಟರ್ ಸುರಂಗ ಠಾಣೆ ಖಾಡಿಯಡಿ 7 ಕಿಲೋಮೀಟರ್ ಸಾಗಿ ಈ ಕಡೆಗೆ ಬರುತ್ತದೆ. ಘಣಸೋಲಿ–ಶಿಳಫಾಟಾ ನಡುವಿನ 4.88 ಕಿಲೋಮೀಟರ್ ಭಾಗದ ಎರಡು ತುದಿ 2025ರ ಸೆಪ್ಟೆಂಬರಿನಲ್ಲಿ ಕೂಡಿದವು. ಆ ಸುರಂಗವೂ ಹಗೇವಿನ ಹಾಗೆ ಬಾಗಿದ ಗೋಡೆಯದೇ. ಕೆಸರಿನಲ್ಲಿ ನಿಲ್ಲದೆ ಬಂಡೆಯವರೆಗೂ ಇಳಿದದ್ದು.

ನೆಲದ ಮೇಲಿರುವ ಡಬ್ಬಕ್ಕೂ ಅದರದೇ ರೋಗಗಳಿವೆ. ಸಿಮೆಂಟ್ ಚೀಲಗಳನ್ನು ಅದರಲ್ಲಿ ಬಹಳ ದಿನ ಇಡಲಾಗದು ಎಂದು ಅಫಜಲಪುರದ ಕಡೆಯ ಕಾವಲುಗಾರರೊಬ್ಬರು ನನಗೆ ತೋರಿಸಿದರು. ಅವರು ಬಳಸಿದ ಪದ ‘ಬೆವರ್ತೈತಿ’. ಸರಿಯಾದ ಪದವೇ. ಹಗಲು ಕಾದ ತಗಡು ರಾತ್ರಿ ತಣಿದಾಗ ಒಳಗಿನ ತೇವ ಚಾವಣಿಗೆ ಹನಿಗಟ್ಟಿ ಬೆಳಗಿನ ಜಾವ ತೊಟ್ಟಿಕ್ಕುತ್ತದೆ. ಹಡಗಿನವರ ಇಂಗ್ಲಿಷಿನಲ್ಲೂ ಇದಕ್ಕೆ ಬೆವರೆಂದೇ ಹೆಸರು. ಮಲಗಲು ಬಳಸುವವರು ನೋಡಬೇಕಾದ್ದು ನೆಲ: 28 ಮಿಲಿಮೀಟರಿನ ಪ್ಲೈವುಡ್ಡಿಗೆ ಹುಳ ಹಿಡಿಯದಂತೆ ಕೀಟನಾಶಕ ಊಡಿರುತ್ತಾರೆ. ಯಾವ ಔಷಧ, ಯಾವ ವರ್ಷ ಎಂಬುದು ಬರೆದಿರುವುದು ಬಾಗಿಲ ಮೇಲಿನ ಅದೇ ಫಲಕದಲ್ಲಿ. ಫಲಕದ ಜತೆ ಆ ಮಾಹಿತಿಯೂ ಹೋಗಿರುತ್ತದೆ.

ಹಾಗಾಗಿ ಇಂಥ ಕಟ್ಟಡದ ಚರಿತ್ರೆಗೆ ಉಳಿಯುವ ದಾಖಲೆ ಅದರ ಮೈಯೇ. ಆ ನೀಲಿ ಪೆಟ್ಟಿಗೆಯ ಬಾಗಿಲ ಕೀಲಿನ ಬಳಿ ಬಣ್ಣ ಚಕ್ಕೆಯೆದ್ದಿತ್ತು. ಉಗುರಿನಿಂದ ಕೆರೆದೆ. ನೀಲಿಯ ಕೆಳಗೆ ಒಂದು ಹಸಿರು, ಅದರ ಕೆಳಗೆ ಮಾಸಿದ ಹಳದಿ, ಆಮೇಲೆ ರೆಡ್ ಆಕ್ಸೈಡ್, ಎಲ್ಲಕ್ಕಿಂತ ಅಡಿಯಲ್ಲಿ ಹಡಗಿನ ಕಂದು. ಮೂರು ಬಿಲ್ಡರುಗಳ ಬಣ್ಣ ಇರಬೇಕು. ಸೈಟಿಗೆ ಮೂರು ವರ್ಷದಂತೆ ಹಿಡಿದರೂ, ಈ ತಾತ್ಕಾಲಿಕ ಅತಿಥಿ ಇಲ್ಲಿ ಎಂಟೊಂಬತ್ತು ಮಳೆಗಾಲ ಕಳೆದಿದೆ.